ವಾಪಸು ಪಡೆಯುವ ಹಕ್ಕು

ಹಮ್ದಿ ಗರಗಸದ ಯಂತ್ರವನ್ನು ಮುಟ್ಟಿದ ರೀತಿಯೇ ರವೂಫನ ಎದೆಯಲ್ಲಿ ಮುಳ್ಳಾಗಿ ಕೂತಿತು. ಹನ್ನೊಂದು ವರ್ಷ ಕುವೈತಿನಲ್ಲಿ ದುಡಿದು ಊರಿಗೆ ಬಂದಿದ್ದ ತಮ್ಮ, ಶುಕ್ರವಾರದ ನಮಾಜು ಮುಗಿಸಿಕೊಂಡು ನೇರ ಅಣ್ಣನ ಪೀಠೋಪಕರಣದ ಕಾರ್ಖಾನೆಗೇ ಬಂದ. ನಿಂತ ಯಂತ್ರದ ಮೇಲಿನ ಮರದ ಹೊಟ್ಟನ್ನು ಅಂಗೈಯಲ್ಲಿ ಒರೆಸಿ, ಕುದುರೆಯ ಕುತ್ತಿಗೆ ಸವರಿದ ಹಾಗೆ ಅದನ್ನು ಸವರಿದ.

"ಇದನ್ನ ಯಾವ ವರ್ಷ ತಗೊಂಡೆ ಅಣ್ಣ?"

"ಯಾವುದೋ ವರ್ಷ. ಯಾಕೆ?"

"ನಾನು ಅಲ್ಲಿ ಬಿಸಿಲಲ್ಲಿ ಸುಟ್ಟ ರೊಟ್ಟಿ ಆಗಿದ್ದ ವರ್ಷ. ನನಗೆ ಚೆನ್ನಾಗಿ ನೆನಪಿದೆ." ಹಮ್ದಿ ನಕ್ಕ. "ನಮ್ಮ ದುಮ್ಯಾತಿನವರು ಜಿಪುಣರು, ಮನೆಗೆ ನೆಂಟರು ಹೋದ್ರೆ, 'ಊಟ ಮಾಡ್ತೀರೋ, ಹಗುರವಾಗಿ ಮಲಗ್ತೀರೋ' ಅಂತ ಕೇಳ್ತಾರಂತೆ. ಕುವೈತಲ್ಲಿ ದಿನಾ ಈ ಮಾತಲ್ಲಿ ನನ್ನ ಕಾಲೆಳೀತಿದ್ರು. ನೀನು ಒಡಹುಟ್ಟಿದವನಿಗೇ ಹಾಗೆ ಕೇಳ್ಬೇಡ. ಇದರಲ್ಲಿ ಅರ್ಧ ನಂದು. ನೀನೇ ಬರೆದುಕೊಟ್ರೆ ಸಂತೋಷ. ಇಲ್ದಿದ್ರೆ ಕೋರ್ಟು ಬರೆಸುತ್ತೆ."

ತಮ್ಮ ಅಲ್ಲಿಂದ ಹಣ ಕಳಿಸಿದ್ದು ಸುಳ್ಳಲ್ಲ. ರವೂಫನೂ ಅದನ್ನು ತನ್ನೊಳಗೆ ಅಲ್ಲಗಳೆಯುತ್ತಿರಲಿಲ್ಲ. ಆದರೆ ವಾರ್ನಿಷಿನ ಹೊಗೆ ಕುಡಿದದ್ದು ಯಾರು? ಮದುವೆಯ ಹಂಗಾಮಿನಲ್ಲಿ ಕೈರೋದ ವ್ಯಾಪಾರಿಗಳ ಬೈಗುಳ ತಿಂದದ್ದು ಯಾರು? ಬೀಚ್ ಮರದ ಹಲಗೆಯನ್ನು ಬೆರಳಲ್ಲಿ ತಟ್ಟಿ, ಒಳಗೆ ಇನ್ನೂ ಹಸಿ ಇದೆಯೆಂದು ಹೇಳಬಲ್ಲವರು ಆ ಮನೆಯಲ್ಲಿ ಯಾರಿದ್ದಾರೆ? ದೂರದಿಂದ ಕಳಿಸಿದವನಿಗೆ ಕೃತಜ್ಞತೆ ಸಲ್ಲಬಹುದು. ಅರ್ಧ ಕಾರ್ಖಾನೆ ಸಲ್ಲುವುದಿಲ್ಲ.

ಹಮ್ದಿ ದಾವೆ ಹೂಡಿದ. ಮೊದಲ ವಿಚಾರಣೆ ಚಳಿಗಾಲದಲ್ಲೆಂದು ಗೊತ್ತಾಯಿತು. ಕಾರ್ಖಾನೆಯ ಗೇಣು ಜಾಗವೂ ತಮ್ಮನ ಪಾಲಾಗಬಾರದೆಂದು ರವೂಫ್ ಆವತ್ತೇ ನಿರ್ಧರಿಸಿದ.

ರವೂಫ್ ಮನ್ಸೂರಾದಲ್ಲಿ ರಸಾಯನಶಾಸ್ತ್ರ ಓದಿದವನು. ಕಷ್ಟ ಬಂದಾಗ ಕೂಗಾಡುವ ಸ್ವಭಾವ ಅವನದಲ್ಲ. ಸಮಸ್ಯೆಯನ್ನು ಮೇಜಿನ ಮೇಲಿಟ್ಟು, ಆಗದ ದಾರಿಗಳನ್ನು ಒಂದೊಂದಾಗಿ ತೆಗೆದುಹಾಕುತ್ತಾ ಹೋಗುತ್ತಿದ್ದ. ಕಾರ್ಖಾನೆಯನ್ನು ಸ್ನೇಹಿತನೊಬ್ಬನಿಗೆ ಮಾರಿದಂತೆ ತೋರಿಸಬಹುದು. ಆದರೆ ದಾವೆ ಬಿದ್ದಮೇಲಿನ ಮಾರಾಟವನ್ನು ಯಾವ ನ್ಯಾಯಾಧೀಶನೂ ನಂಬುವುದಿಲ್ಲ. ಹಳೆಯ ತಾರೀಕಿನ ಪತ್ರ ಸೃಷ್ಟಿಸಬಹುದು. ಆದರೆ ಖೋಟಾ ಪತ್ರಕ್ಕೆ ಸೀಲು, ಶಾಯಿ, ಸಾಕ್ಷಿ ಎಂದು ನೂರು ಬಾಯಿ, ಒಂದಲ್ಲ ಒಂದು ಬಾಯಿ ಬಿಡುತ್ತದೆ. ಸಿಕ್ಕಿಬೀಳದ ಕಾಗದವೆಂದರೆ ನಿಜವಾದ ಕಾಗದ ಮಾತ್ರ. ಕಾಗದ ನಿಜವಿರಬೇಕು, ಉದ್ದೇಶ ಮಾತ್ರ ಸುಳ್ಳಿರಬೇಕು. ಉದ್ದೇಶವನ್ನು ಪರೀಕ್ಷಿಸುವ ಯಂತ್ರ ಯಾವ ಕೋರ್ಟಿನಲ್ಲೂ ಇಲ್ಲ.

ಹೀಗೆ ಯೋಚಿಸುತ್ತಾ ಅವನು ತಲಾಖಿಗೆ ಬಂದು ನಿಂತ. ಬಿಟ್ಟ ಹೆಂಡತಿಗೆ ಆಸ್ತಿ ಹೋದರೆ ಯಾರೂ ಹುಬ್ಬೇರಿಸುವುದಿಲ್ಲ. ಅಯ್ಯೋ ಪಾಪ ಎನ್ನುತ್ತಾರೆ, ಅದೂ ಗಂಡನಿಗೆ.

ಮೊದಲು ಅವನು ಶತ್ರುವಿನ ದಾರಿಯಲ್ಲಿ ನಡೆದು ನೋಡಿದ. ತಮ್ಮನ ವಕೀಲ ತಲಾಖಿನ ದಾಖಲೆಯನ್ನು ಎಲ್ಲಿ ಹುಡುಕುತ್ತಾನೆ? ನಾಗರಿಕ ದಾಖಲೆ ಕಚೇರಿಯ ಕಿಟಕಿಯ ಮುಂದೆ ಸರದಿಯಲ್ಲಿ ನಿಂತು, ನಕಲು ಪಡೆಯುವುದು ಹೇಗೆಂದು ವಿಚಾರಿಸಿದ.

"ಯಾರ ತಲಾಖು?" ಒಳಗಿದ್ದ ಹೆಂಗಸು ಸೂರ್ಯಕಾಂತಿ ಬೀಜ ಬಿಡಿಸುತ್ತಾ ಕೇಳಿದಳು.

"ಒಬ್ಬ ಸ್ನೇಹಿತನದು."

"ಇಲ್ಲಿಗೆ ಬರೋದೆಲ್ಲ ಸ್ನೇಹಿತರದೇ ಉಸ್ತಾದ್. ಇಷ್ಟು ವರ್ಷ ಆಯ್ತು, ಒಬ್ಬನೂ ತನ್ನದು ಅಂತ ಬಂದಿಲ್ಲ." ಹಿಂದೆ ನಿಂತವರು ಕಿಸಕ್ಕೆಂದರು. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಕಾಜಿಯ ಪುಸ್ತಕದಲ್ಲಿ ಬರೆದದ್ದು ಕೋರ್ಟಿಗೆ ಹೋಗುತ್ತದೆ, ಅಲ್ಲಿಂದ ಇಲ್ಲಿಗೆ ಬರುತ್ತದೆ. ನಕಲು ಸಿಗುವುದು ಗಂಡನಿಗೆ, ಹೆಂಡತಿಗೆ, ಇಲ್ಲವೇ ನ್ಯಾಯಾಲಯದ ಅನುಮತಿ ತಂದ ವಕೀಲನಿಗೆ.

ಹಾಗಾದರೆ ವಕೀಲ ಬರುತ್ತಾನೆ, ಹುಡುಕುತ್ತಾನೆ, ಅಸಲಿ ದಾಖಲೆಯೇ ಅವನಿಗೆ ಸಿಗುತ್ತದೆ. ರವೂಫನಿಗೆ ಬೇಕಾದದ್ದೂ ಅದೇ.

ಇನ್ನು ಎಂಥ ತಲಾಖು ಎಂಬ ಪ್ರಶ್ನೆ. ಕಾನೂನು ಪುಸ್ತಕ ತಂದು, ಕಾರ್ಖಾನೆಯ ಗದ್ದಲದಲ್ಲೇ ಕೂತು ಓದಿದ. ಹೆಂಡತಿಯೇ ಕೇಳಿ ಪಡೆಯುವ ಖುಲಾ ಬೇಡ. ಅದಾದರೆ ಆಕೆ ಕೈಬಿಟ್ಟುಹೋದಂತೆ. ಇಬ್ಬರೂ ಹಕ್ಕು ಮನ್ನಾ ಮಾಡಿಕೊಂಡು ಬೇರೆಯಾಗುವುದೂ ಬೇಡ. ಅದರಲ್ಲೂ ಹಿಂದಿರುಗುವ ದಾರಿಯಿಲ್ಲ. ಗಂಡ ತಾನಾಗಿ ಕೊಡುವ ಮೊದಲನೆಯ ತಲಾಖು ಮಾತ್ರ ಬೇರೆ ಜಾತಿಯದು. ಅದಾದ ಮೇಲೆ ಹೆಂಡತಿ ಮರುಮದುವೆಯಾಗದೆ ಇದ್ದತ್ತಿನ ಕಾಲ ಕಾಯಬೇಕು. ಆ ಕಾಲ ಮುಗಿಯುವುದರೊಳಗೆ ಗಂಡ ಬೇಕೆಂದರೆ ಅವಳನ್ನು ವಾಪಸು ಪಡೆಯಬಹುದು. ಹೊಸ ನಿಕಾಹ್ ಬೇಡ, ಹೊಸ ಮಹರ್ ಬೇಡ, ಅವಳ ಒಪ್ಪಿಗೆಯೂ ಬೇಡ. ಕೋರ್ಟಿನ ಅಮೀನನ ಕೈಲಿ ಗಡುವಿನೊಳಗೆ ಒಂದು ನೋಟೀಸು ತಲುಪಿಸಿದರಾಯಿತು. ಪುಸ್ತಕದಲ್ಲಿ ಗಡುವು ಎರಡು ಥರ ಇತ್ತು. ತನ್ನದು ಉದ್ದನೆಯದು, ಮೂರು ತಿಂಗಳದು, ಎಂದು ಅಂಚಿನಲ್ಲಿ ಗೀಟು ಎಳೆದು ಮುಂದಿನ ಪುಟಕ್ಕೆ ಹೋದ.

ಅವನನ್ನು ಮೋಹಗೊಳಿಸಿದ್ದು ಈ ಒಪ್ಪಿಗೆ ಬೇಡದ ಅಂಶವೇ. ಆಸ್ತಿಯನ್ನು ಮತ್ತೊಬ್ಬರ ಹೆಸರಿಗೆ ಮಾಡುವ ಯಾವ ಯೋಜನೆಯಲ್ಲೂ ಮತ್ತೊಬ್ಬರನ್ನು ನಂಬಬೇಕಾಗುತ್ತದೆ. ಇದರಲ್ಲಿ ಅದೂ ಬೇಕಿಲ್ಲ. ಗಾಳಿಪಟ ಎಷ್ಟು ಮೇಲೆ ಹೋದರೂ ದಾರದ ಉಂಡೆ ಅವನ ಕೈಯಲ್ಲಿ.

ಹೆಂಡತಿ ತಹಾನಿ ಬಾತುಕೋಳಿಯ ಹೊಟ್ಟೆಗೆ ಈರುಳ್ಳಿ ತುಂಬುತ್ತಿದ್ದಾಗ ಅವನು ವಿಷಯ ಎತ್ತಿದ. ಮಗಳು ಮಹಾ ಮದುವೆಯಾಗಿ ಪೋರ್ಟ್ ಸಯೀದಿಗೆ ಹೋದಮೇಲೆ ಮನೆಯಲ್ಲಿ ಅವರಿಬ್ಬರೇ. ಐವತ್ತರ ಹತ್ತಿರದ ತಹಾನಿ ಇಪ್ಪತ್ತಾರು ವರ್ಷದಿಂದ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಕೂತು ಸೋಫಾಗಳಿಗೆ ಮಖಮಲ್ಲಿನ ಹೊದಿಕೆ ಹೊಲಿಯುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಎಲ್ಲಾ ನನ್ನ ಹೆಸರಿಗಾ?"

"ಹೆಸರಿಗೆ ಮಾತ್ರ. ಹಮ್ದಿ ಕೈಚೆಲ್ಲಿ ಹೋಗೋವರೆಗೆ."

"ಆಮೇಲೆ?"

"ಆಮೇಲೆ ನಿನ್ನನ್ನ ವಾಪಸ್ ತಗೊಂಡೆ ಅಂತೀನಿ. ಮುಗೀತು."

"ನಾನು ಏನನ್ಬೇಕು ಆಗ?"

"ನೀನೇನೂ ಅನ್ನೋದಿಲ್ಲ. ನಿನ್ನನ್ನ ಕೇಳೋ ಹಾಗೇ ಇಲ್ಲ. ಕಾನೂನೇ ಅಷ್ಟು ಸುಲಭ ಇದೆ."

ತಹಾನಿ ಸೂಜಿಗೆ ದಾರ ಪೋಣಿಸಿ ಬಾತುಕೋಳಿಯ ಹೊಟ್ಟೆ ಹೊಲಿದಳು. "ಸುಲಭ ಇದೆಯಲ್ವಾ," ಎಂದಳು. ಅವಳು ಅರ್ಥಮಾಡಿಕೊಂಡಳೆಂದು ರವೂಫನಿಗೆ ನೆಮ್ಮದಿಯಾಯಿತು.

ಕಾಜಿ ಶೇಖ್ ಬಸ್ಯೂನಿ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದರು. "ಇಪ್ಪತ್ತಾರು ವರ್ಷ ಸಹಿಸಿದ್ದೀರಿ. ಇನ್ನೊಂದು ಚಳಿಗಾಲ ಸಹಿಸೋಕಾಗಲ್ವಾ? ಚಳಿಗೆ ಮುದಿ ಹೆಂಡತಿ ಕಂಬಳಿಗಿಂತ ಮೇಲು ಉಸ್ತಾದ್."

"ಮನಸ್ಸು ಮುರಿದಿದೆ ಶೇಖ್ ಸಾಹೇಬ್ರೇ."

"ಹಾಗಿದ್ರೆ ಇಬ್ಬರೂ ಹಕ್ಕು ಮನ್ನಾ ಮಾಡ್ಕೊಳ್ಳಿ. ಎಲ್ಲರೂ ಹಾಗೇ ಮಾಡೋದು. ಜಗಳ ಇರಲ್ಲ. ಬರೀಲಾ?"

"ಬೇಡ. ಬರೀ ತಲಾಖು. ಮೊದಲನೇದು, ವಾಪಸು ಪಡೆಯೋಕೆ ಆಗೋ ಅಂಥದ್ದು."

"ಓಹೋ!" ಶೇಖರು ಲೇಖನಿ ತೆಗೆದರು. "ಬಾಗಿಲು ಹಾಕ್ತೀರಿ, ಚಿಲಕ ಹಾಕಲ್ಲ. ಆಗಲಿ."

ಎದುರಿನ ಚಹಾ ಅಂಗಡಿಯಿಂದ ಇಬ್ಬರು ಸಾಕ್ಷಿಗಳು ಬಂದರು. ರವೂಫ್ ಆ ಮಾತನ್ನು ಸ್ಪಷ್ಟವಾಗಿ, ತಪ್ಪಿಲ್ಲದೆ ಹೇಳಿದ. ಸಹಿಯಾಯಿತು, ಹೆಬ್ಬೆಟ್ಟಿನ ಗುರುತಾಯಿತು. ಬೀದಿಗೆ ಇಳಿದಾಗ ತಹಾನಿ ನಿಂತು ಕೈ ಚಾಚಿದಳು.

"ಉಸ್ತಾದ್ ರವೂಫ್, ಮನೆ ಬೀಗದ ಕೈ ಕೊಡ್ತೀರಾ?"

ಹೆಸರಿಗೆ ಉಸ್ತಾದ್ ಸೇರಿಸಿ, ನೀವು ಎಂದು ಅವಳು ಕರೆದದ್ದು ಅದೇ ಮೊದಲು. ಅವನಿಗೆ ಮೆಚ್ಚಿಕೆಯಾಯಿತು. ಎಷ್ಟು ಬೇಗ ಪಾತ್ರದೊಳಗೆ ಇಳಿದಳು! ನೋಡುವವರು ನೋಡಲೆಂದು ಮುಖ ಗಂಟಿಕ್ಕಿಕೊಂಡೇ ಬೀಗದ ಕೈ ಕೊಟ್ಟ.

ಮುಂದಿನದು ಕೌಟುಂಬಿಕ ವ್ಯಾಜ್ಯಗಳ ರಾಜಿ ಕಚೇರಿ. ಕೋರ್ಟಿಗೆ ಹೋಗುವ ಮೊದಲು ಗಂಡಹೆಂಡಿರ ಹಕ್ಕಿನ ಜಗಳ ಅಲ್ಲಿಗೆ ಬರಲೇಬೇಕು. ಅಲ್ಲಿ ಆದ ರಾಜಿಗೆ ಕೋರ್ಟಿನ ಆದೇಶದಷ್ಟೇ ಬಲ. ತಹಾನಿ ಏನೇನು ಹಕ್ಕು ಕೇಳಬೇಕೆಂದು ಅವನೇ ಬರೆದುಕೊಟ್ಟಿದ್ದ: ಮದುವೆಯಲ್ಲಿ ಗಂಡ ಕೊಡಬೇಕಾಗಿದ್ದು ಬಾಕಿ ಉಳಿದ ಮಹರ್, ಮಾರಿದ ಒಡವೆ, ದುಡಿಮೆಯ ಫಲ. ಅಧಿಕಾರಿಣಿಯ ಮುಂದೆ ತಹಾನಿ ಅವನು ಬರೆದದ್ದನ್ನು ಮಡಚಿ ಚೀಲಕ್ಕೆ ಹಾಕಿ, ತನ್ನ ಮಾತಲ್ಲೇ ಹೇಳಿದಳು. ಮೊದಲ ಗರಗಸ ತರಲು ಬಳೆ ಕೊಟ್ಟ ದಿನ, ಅಕ್ಕಸಾಲಿಗರ ಬೀದಿಯಲ್ಲಿ ಯಾವ ಅಂಗಡಿ, ಬಳೆ ಬಿಗಿಯಾಗಿದ್ದರಿಂದ ಸೋಪು ಹಚ್ಚಿ ತೆಗೆದದ್ದು, ಮಹಾಳನ್ನು ಹೆತ್ತ ಮರುವಾರವೇ ಹೊಲಿಗೆಗೆ ಕೂತದ್ದು. ಅಧಿಕಾರಿಣಿ ಎರಡು ಸಲ ಮೂಗು ಒರೆಸಿಕೊಂಡಳು. ರವೂಫ್ ತಲೆ ತಗ್ಗಿಸಿ ಎಲ್ಲಕ್ಕೂ ಹೌದೆಂದ. ಕಾರ್ಖಾನೆ, ಯಂತ್ರಗಳು, ಮುಂದಿನ ಮಳಿಗೆ ಎಲ್ಲವೂ ಆ ಹಕ್ಕಿಗೆ ಬದಲಾಗಿ ಆಕೆಗೆ ಸೇರಿದವು.

"ಎಷ್ಟು ಚೆನ್ನಾಗಿ ಹೇಳಿದೆ!" ಮೆಟ್ಟಿಲಿಳಿಯುತ್ತಾ ಪಿಸುಗುಟ್ಟಿದ. "ನನಗೇ ನಂಬಿಕೆ ಬಂತು."

"ನಿಜ ಅಲ್ವಾ ಅದು?" ಎಂದಳು ತಹಾನಿ.

ಅವನಿಗೆ ನಗು ಬಂತು. ಹೌದಲ್ಲ, ಪ್ರತಿಯೊಂದೂ ನಿಜವೇ! ಪರಿಪೂರ್ಣ ಸುಳ್ಳು ಹೀಗೇ ಇರಬೇಕು.

ಆಮೇಲಿನ ವಾರಗಳು ಅವನ ಧೈರ್ಯ ಪರೀಕ್ಷಿಸಿದವು. ಇದ್ದತ್ತಿನಲ್ಲಿರುವ ಹೆಂಡತಿಯನ್ನು ಗಂಡ ಆಸೆಯಿಂದ ಮುಟ್ಟಿದರೂ ಸಾಕು, ವಾಪಸು ಪಡೆದಂತಾಗುತ್ತದೆಂದು ಓದಿದ್ದ. ತಲಾಖು ಮುರಿಯಿತೆಂಬ ಅನುಮಾನ ವಕೀಲನಿಗೆ ಬರಕೂಡದು. ಅದಕ್ಕೇ ಮನೆಯ ಕಡೆ ತಲೆ ಹಾಕಲಿಲ್ಲ. ತಹಾನಿಯ ಬಾಡಿಗೆದಾರನೆಂದು ಸಹಿ ಹಾಕಿ, ಮಳಿಗೆಯಲ್ಲಿ ಮಾರಾಟವಾಗದ ಮದುವೆಯ ಮಂಚದ ಮೇಲೆ ಮಲಗಿದ. ಚಿನ್ನದ ಬಣ್ಣದ ಹೂಬಳ್ಳಿಯ ತಲೆಹಲಗೆ, ಕೆಳಗೆ ಪ್ಲಾಸ್ಟಿಕ್ ಹೊದಿಕೆ ತೆಗೆಯದ ಹಾಸಿಗೆ. ಮಗ್ಗುಲಾದಾಗಲೆಲ್ಲ ಅದು ಚರಚರ ಎನ್ನುತ್ತಿತ್ತು. ಬೆಳಿಗ್ಗೆ ಗಿರಾಕಿ ಬರುವ ಮೊದಲು ಎದ್ದು ಸುಕ್ಕು ಬಿಡಿಸಬೇಕು. ರಸ್ತೆಯಲ್ಲಿ ಕಾರು ನಿಂತರೆ ವಕೀಲನೇ ಬಂದನೆಂದು ಎದ್ದು ಕೂರುತ್ತಿದ್ದ. ರಾಜಿಗೆ ತಡೆಯಾಜ್ಞೆ ಬಂದರೆ? ಯಾರಾದರೂ ತಹಾನಿಯನ್ನು ಕೆದಕಿ ಕೇಳಿದರೆ? ಪ್ರತಿ ಪ್ರಶ್ನೆಗೂ ಉತ್ತರ ಹುಡುಕಿ ಹುಡುಕಿ ಅವನು ಇಳಿದುಹೋದ. ನೋಡಿದವರು ವಿರಹವೆಂದುಕೊಂಡರು. ಅದೂ ಯೋಜನೆಗೆ ಒಳ್ಳೆಯದೇ ಆಯಿತು.

ತಡೆಯಾಜ್ಞೆ ಬರಲಿಲ್ಲ. ಚಳಿ ಬಲಿತ ಮೇಲೆ ಒಂದು ಸಂಜೆ ಹಮ್ದಿ ಬಂದ, ಕೈಯಲ್ಲಿ ಬಿಸಿ ಬೀನ್ಸಿನ ಡಬ್ಬಿ ಹಿಡಿದು. ಮಂಚದ ಮೇಲಿನ ದಿಂಬು ನೋಡಿ, ಡಬ್ಬಿಯನ್ನು ಅದರ ಪಕ್ಕ ಇಟ್ಟ.

"ವಕೀಲರು ದಾಖಲೆ ತೆಗೆಸಿದ್ರು. ನಾಟಕ ಇರ್ಬೇಕು ಅಂತ ನಾನೇ ಹೇಳಿದ್ದೆ. ಅವರು ಕಾಜಿ ಹತ್ರ ಹೋದ್ರು, ರಾಜಿ ಕಚೇರಿಗೂ ಹೋದ್ರು. ಎಲ್ಲಾ ಅಸಲಿ. ನಮ್ಮಪ್ಪ ಸೊಟ್ಟ ಮೊಳೇನೂ ಬಿಸಾಕ್ತಿರಲಿಲ್ಲ. ನೀನು ಅತ್ತಿಗೇನೇ ಬಿಟ್ಟೆಯಲ್ಲ ಅಣ್ಣ!"

"ಹಣೆಬರಹ."

"ಅತ್ತಿಗೆ ಬಳೆ ಮಾರಿದ್ದು ನನಗೆ ಗೊತ್ತಿರಲಿಲ್ಲ. ಅವರ ಕೈಯಿಂದ ಕಿತ್ಕೊಳ್ಳೋಕೆ ನಾನಿಲ್ಲ. ದಾವೆ ವಾಪಸ್ ತಗೊಂಡೆ, ಹಕ್ಕೂ ಬಿಟ್ಟುಕೊಟ್ಟೆ. ಬುಧವಾರ ಕುವೈತಿಗೆ ಹೋಗ್ತೀನಿ." ಬಾಗಿಲವರೆಗೂ ಹೋದವನು ತಿರುಗಿದ. "ಊಟ ಮಾಡು. ಹಗುರವಾಗಿ ಮಲಗ್ಬೇಡ."

ರವೂಫ್ ಬೀನ್ಸು ಪೂರ್ತಿ ತಿಂದ. ಇಷ್ಟು ರುಚಿಯಾದ ಊಟ ಅವನು ಎಷ್ಟೋ ತಿಂಗಳಿಂದ ಉಂಡಿರಲಿಲ್ಲ.

ಹಮ್ದಿಯ ವಿಮಾನ ಹಾರಿದ ಮರುಬೆಳಿಗ್ಗೆಯೇ ನೋಟೀಸು ಬರೆದ. ಕಾಜಿಯ ಹತ್ತಿರ ಹೋಗಲಿಲ್ಲ. ಹೋದರೆ ಆ ಮುದುಕ ಬೇಕಾದ್ದು ಬೇಡದ್ದೆಲ್ಲ ಕೇಳುತ್ತಾನೆ. ಸಾಲುಗಳನ್ನು ಪುಸ್ತಕದಿಂದಲೇ ತೆಗೆದ. ಮೂರು ತಿಂಗಳು ತುಂಬಲು ಇನ್ನೂ ಒಂದು ವಾರವಿತ್ತು. ಅಮೀನ ಅದನ್ನು ತಹಾನಿಯ ಕೈಗೇ ಕೊಟ್ಟು, ಸಹಿ ಪಡೆದು ಬಂದ. ಸಂಜೆ ರವೂಫ್ ಪಾಕದಲ್ಲಿ ಅದ್ದಿದ ಜಾಲರಿ ಮಿಠಾಯಿಯ ಪೊಟ್ಟಣ ಹಿಡಿದು ತನ್ನ ಮನೆಯ ಬಾಗಿಲು ತಟ್ಟಿದ. ಬಾಗಿಲು ಸರಪಳಿಯಷ್ಟೇ ತೆರೆಯಿತು.

"ನೋಟೀಸು ಓದಿದೆ ಉಸ್ತಾದ್ ರವೂಫ್. ನನ್ನ ಇದ್ದತ್ ಮುಗಿದಿದೆ. ಕೋರ್ಟಲ್ಲಿ ಹೇಳ್ತೀನಿ."

"ಏ ತಹಾನಿ, ಹಮ್ದಿ ಹೋದ. ನಾಟಕ ಮುಗೀತು."

"ನಾಟಕ ನೀವು ಆಡಿದ್ದು," ಎಂದಳು. "ಮಿಠಾಯಿ ತಗೊಂಡ್ಹೋಗಿ, ಇರುವೆ ಬರುತ್ತೆ."

ಸಿಟ್ಟು ಬಂತು, ಹೆದರಿಕೆ ಬರಲಿಲ್ಲ. ಇಂಥದೊಂದು ಆಗಬಹುದೆಂದೇ ತಾನೆ ಅವನು ಈ ಬಗೆಯ ತಲಾಖನ್ನು ಆರಿಸಿದ್ದು? ಅವಳು ಒಲ್ಲೆನೆಂದರೂ ನಡೆಯುತ್ತದೆ. ಇದ್ದತ್ ಮುಗಿಯಿತೆನ್ನುವುದು ಹೆಂಗಸಿನ ಹಟ, ತಾರೀಕು ತಾರೀಕೇ. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲನಿಲ್ಲದೆ ತಾನೇ ಎದ್ದು ನಿಂತು, ಒಂದು ಪದ ತಡವರಿಸದೆ ವಾದಿಸಿದ. ಮೊದಲನೆಯ ತಲಾಖು. ವಾಪಸು ಪಡೆಯಬಹುದಾದದ್ದು. ಅಧಿಕೃತ ನೋಟೀಸು, ಮೂರು ತಿಂಗಳೊಳಗೆ. ನ್ಯಾಯಾಧೀಶರು ತಲೆದೂಗುತ್ತಾ ಕೇಳಿದರು. ಅವರ ಪಕ್ಕದಲ್ಲಿ ಕೂತಿದ್ದ ಕೋರ್ಟಿನ ಸಮಾಜ ತಜ್ಞೆ, ತಲೆಗೆ ಬೂದು ವಸ್ತ್ರ ಸುತ್ತಿದ ವಯಸ್ಸಾದ ಹೆಂಗಸು, ಏನೋ ಗುರುತು ಹಾಕಿಕೊಂಡರು. ಮುಂದಿನ ಪ್ರಕರಣದವರು ಬಾಗಿಲಲ್ಲಿ ಗುಂಪುಗಟ್ಟಿದ್ದರು, ಹೆಚ್ಚಿನವರು ಹೆಂಗಸರು.

"ಗಡುವು ಎಲ್ಲರಿಗೂ ಒಂದೇ ಅಲ್ಲ," ನ್ಯಾಯಾಧೀಶರು ಕಡತದಿಂದ ತಲೆಯೆತ್ತದೆ ಹೇಳಿದರು. "ಮುಟ್ಟು ನಿಂತವರ ವಿಷಯದಲ್ಲಿ ಮೂರು ತಿಂಗಳು. ನಿಲ್ಲದವರದಾದ್ರೆ ಎರಡೇ ತಿಂಗಳೊಳಗೆ ನೋಟೀಸು ತಲುಪಬೇಕಿತ್ತು. ಎದುರು ಪುರಾವೆ ಇಲ್ಲದಿದ್ರೆ ಇದರಲ್ಲಿ ಹೆಂಗಸಿನ ಮಾತೇ ನಡೆಯುತ್ತೆ. ನಿಮ್ಮದು ಯಾವುದಮ್ಮ?" ತಹಾನಿ ನೆಲ ನೋಡುತ್ತಾ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ನನಗೆ ಇನ್ನೂ ತಿಂಗಳು ತಿಂಗಳು ಆಗುತ್ತೆ ಸಾಹೇಬರೇ." ಇದೆಲ್ಲ ನಾವಿಬ್ಬರೂ ಸೇರಿ ಹೂಡಿದ ಆಟವೆಂದು ಕೂಗಿದರೆ ಎರಡು ಕೋರ್ಟುಗಳಿಗೆ ಮೋಸ ಮಾಡಿದ್ದನ್ನು ತಾನೇ ಒಪ್ಪಿಕೊಂಡಂತೆ. ಉಳಿದದ್ದು ಅವನ ಒಂದೇ ಪುರಾವೆ; ಪುಸ್ತಕದ ಅಂಚಿನಲ್ಲಿ ಗೀಟು ಎಳೆಯುವಾಗ ಯೋಚಿಸಬೇಕೆಂದೂ ಅನ್ನಿಸದಷ್ಟು ಗಟ್ಟಿಯಾಗಿದ್ದ ಪುರಾವೆ. "ಸುಳ್ಳು ಸಾಹೇಬರೇ! ಮುಟ್ಟಾದ ಹೆಂಗಸು ಉಪವಾಸ ಇರೋ ಹಾಗಿಲ್ಲ. ಮೂರು ವರ್ಷದಿಂದ ನೋಡಿದ್ದೀನಿ, ರಮದಾನಿನಲ್ಲಿ ಇವಳು ಒಂದು ದಿನಾನೂ ಉಪವಾಸ ಬಿಟ್ಟಿಲ್ಲ!" ಬಾಗಿಲಲ್ಲಿ ಯಾವಳೋ ಒಬ್ಬಳು ತಡೆಯಲಾರದೆ ನಕ್ಕಳು, ಪಕ್ಕದವಳು ನಕ್ಕಳು, ತಜ್ಞೆ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಗಂಡಸರು ಮಾತ್ರ, ನ್ಯಾಯಾಧೀಶರೂ ಸೇರಿ, ಒಬ್ಬರ ಮುಖ ಒಬ್ಬರು ನೋಡಿದರು. ನಗದೆ ಇದ್ದ ಹೆಂಗಸು ತಹಾನಿ ಒಬ್ಬಳೇ. "ಆ ದಿನಗಳಲ್ಲಿ ಅಡುಗೆಮನೆ ಬಾಗಿಲು ಮುಚ್ಕೊಂಡು ನಿಂತ್ಕೊಂಡೇ ತಿಂತೀವಿ ಸಾಹೇಬರೇ," ಎಂದಳು, "ಲೋಟ ತೊಳೆದು ಒರೆಸಿ ಇಟ್ಟುಬಿಡ್ತೀವಿ. ಮನೆ ಗಂಡಸರಿಗೆ ಗೊತ್ತಾಗಬಾರದಲ್ಲ."